ಎರಡು ವರ್ಷದಿಂದ ಅಲುಗದ ವೀಕ್ಷಣಾ ಬಾವಿ: ನೀರು ಸ್ಥಿರವೇ, ಪೈಪ್ ಕಟ್ಟಿಕೊಂಡಿದೆಯೇ?

ಪ್ರಶ್ನೆ: ಯಲಹಂಕದ ಆಚೆ ನಮ್ಮದು ನೂರ ನಲವತ್ತು ಮನೆಗಳ ಬಡಾವಣೆ. ಬಳಕೆಗೆ ಎರಡು ಕೊಳವೆಬಾವಿಗಳಿವೆ. ಅಂತರ್ಜಲ ಎಷ್ಟಿದೆ ಎಂದು ನೋಡಿಕೊಳ್ಳಲು ಮೂರು ವೀಕ್ಷಣಾ ಬಾವಿಗಳಿವೆ. ಮೊದಲ ಎರಡನ್ನು 2019ರಲ್ಲಿ ಕೊರೆಸಿದೆವು. ತಲಾ 30 ಮೀಟರ್ ಆಳ, ಒಳಗೆ ಎರಡು ಇಂಚಿನ ಪಿವಿಸಿ ಪೈಪ್. ಮೂರನೆಯದು, ನೀರು ಕಡಿಮೆಯಾಯಿತೆಂದು ಮೋಟಾರ್ ಮೇಲೆತ್ತಿಬಿಟ್ಟ 180 ಮೀಟರಿನ ಹಳೆಯ ಕೊಳವೆಬಾವಿ. ಮೂರರಲ್ಲೂ ನೀರಿನ ಮಟ್ಟವನ್ನು ತಾನಾಗಿ ಅಳೆದು ಬರೆದಿಡುವ ಲಾಗರ್ ಇಳಿಸಿದ್ದೇವೆ. ಮೊದಲನೆಯದರಲ್ಲಿ ನೀರು ಬೇಸಿಗೆಯಲ್ಲಿ 9 ಮೀಟರ್ ಆಳಕ್ಕೆ ಇಳಿದು ಮಳೆಗಾಲ ಮುಗಿಯುವಾಗ 4 ಮೀಟರಿಗೆ ಬರುತ್ತದೆ. ಎರಡನೆಯದು ಎರಡು ವರ್ಷದಿಂದ 11.2 ಮತ್ತು 11.4 ಮೀಟರ್ ನಡುವೆಯೇ ಇದೆ. ಮೂರನೆಯದು ಒಂದೇ ದಿನದಲ್ಲಿ ಹತ್ತಾರು ಮೀಟರ್ ಜಿಗಿಯುತ್ತದೆ. ಸಮಿತಿಯ ಕೆಲವರು ಎರಡನೆಯದನ್ನು ತೋರಿಸಿ, ಇಲ್ಲಿ ನೀರು ಸ್ಥಿರವಾಗಿದೆ, ಪಕ್ಕದಲ್ಲೇ ಇನ್ನೊಂದು ಕೊಳವೆಬಾವಿ ಕೊರೆಸೋಣ ಎನ್ನುತ್ತಿದ್ದಾರೆ. ಸೆನ್ಸರ್ ಸರಿಯಾಗಿದೆ ಎಂದು ಲಾಗರ್ ಕೊಟ್ಟವರು ಹೇಳುತ್ತಾರೆ. ಈ ಬಾವಿಯನ್ನು ನಂಬಬಹುದೇ? ಕಟ್ಟಿಕೊಂಡಿದ್ದರೆ ತಿಳಿಯುವುದು ಹೇಗೆ, ತೊಳೆಯುವುದು ಹೇಗೆ?

ಉತ್ತರ: ಸದ್ಯಕ್ಕೆ ಎರಡನೆಯ ಬಾವಿಯ ಒಂದು ಅಂಕಿಯನ್ನೂ ನಂಬಬೇಡಿ. ಅದನ್ನು ನೆಚ್ಚಿಕೊಂಡು ಒಂದು ಅಡಿಯನ್ನೂ ಕೊರೆಸಬೇಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಳುತ್ತದೆ. ಜನವರಿಯಿಂದ ಮಾರ್ಚ್ ತನಕ ಹೆಚ್ಚುಕಡಿಮೆ ಒಣಹವೆ. ಇಂಥ ಊರಿನಲ್ಲಿ, ಅದೇ ಬಡಾವಣೆಯ ಮೊದಲನೆಯ ಬಾವಿ ಐದು ಮೀಟರ್ ಏರಿ ಇಳಿಯುತ್ತಿರುವಾಗ, ಅಷ್ಟೇ ಆಳದ ಇನ್ನೊಂದು ಬಾವಿ ಎರಡು ಮಳೆಗಾಲ ಕಳೆದರೂ ಒಂದು ಗೇಣು ಅಲುಗಲಿಲ್ಲವೆಂದರೆ ಮೊದಲು ಅನುಮಾನಿಸಬೇಕಾದದ್ದು ಬಾವಿಯನ್ನು. ಏರಿಳಿಯುವ ಬಾವಿಯನ್ನು ಕಂಡು ಜನ ಗಾಬರಿಯಾಗುತ್ತಾರೆ, ಸುಮ್ಮನಿರುವ ಬಾವಿಯನ್ನು ಕಂಡು ಸಮಾಧಾನಪಡುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಹಾನಿ ಮಾಡಿರುವುದು ಈ ಸುಮ್ಮನಿರುವ ಬಾವಿಗಳೇ.

ಸೆನ್ಸರ್ ಸರಿಯಾಗಿದೆ ಎಂಬ ಮಾತು ನಿಜವಿರಬಹುದು. ಆದರೆ ಸೆನ್ಸರ್ ಅಳೆಯುವುದು ಪೈಪಿನೊಳಗಿನ ನೀರನ್ನು ಮಾತ್ರ. ಪೈಪಿನ ನೀರಿಗೂ ಹೊರಗಿನ ನೆಲದ ನೀರಿಗೂ ಸಂಪರ್ಕ ಉಳಿದಿದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹೊರಗಿನ ನೀರು ಒಳಬರಲೆಂದು ಪೈಪಿನಲ್ಲಿ ಕೊಯ್ದ ಸೀಳುಗಳು ಮುಚ್ಚಿಹೋಗಿದ್ದರೆ ನಿಮ್ಮ ಬಾವಿ ನೆಲದಲ್ಲಿ ಹೂತಿಟ್ಟ ಉದ್ದನೆಯ ಬಾಟಲಿಯಾಗುತ್ತದೆ. ಬಾಟಲಿಯ ನೀರನ್ನು ಲಾಗರ್ ಮಿಲಿಮೀಟರ್ ಲೆಕ್ಕದಲ್ಲಿ ನಿಷ್ಠೆಯಿಂದ ಬರೆದುಕೊಳ್ಳುತ್ತಲೇ ಇರುತ್ತದೆ.

ಆ 20 ಸೆಂಟಿಮೀಟರ್ ಅಲುಗಾಟವಾದರೂ ಇದೆಯಲ್ಲ, ಬಾವಿ ಪೂರ್ತಿ ಸತ್ತಿಲ್ಲ ಎಂದು ನಿಮ್ಮ ಸಮಿತಿಯಲ್ಲಿ ಯಾರಾದರೂ ಹೇಳಬಹುದು. ಹಾಗಾದರೆ ಲಾಗರಿನ ಗಂಟೆಗಂಟೆಯ ಅಂಕಿಗಳನ್ನು ತೆರೆದು ಒಂದು ವಾರದ ಗೆರೆ ಎಳೆದು ನೋಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ಒಂದು, ರಾತ್ರಿ ಹತ್ತರ ಸುಮಾರಿಗೆ ಇನ್ನೊಂದು ಸಣ್ಣ ಉಬ್ಬು, ನಸುಕಿನ ನಾಲ್ಕಕ್ಕೂ ಸಂಜೆ ನಾಲ್ಕಕ್ಕೂ ಒಂದೊಂದು ತಗ್ಗು ಕಂಡರೆ ಅದು ಗಾಳಿಯ ಒತ್ತಡದ ಅಲೆ. ನಮ್ಮ ಅಕ್ಷಾಂಶದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಹೀಗೆ ಏರಿ ಇಳಿಯುತ್ತದೆ. ಲಾಗರಿನ ಸೆನ್ಸರ್ ಮೇಲೆ ಬೀಳುವುದು ನೀರಿನ ಒತ್ತಡ ಮತ್ತು ಅದರ ಮೇಲಿನ ಗಾಳಿಯ ಒತ್ತಡ ಎರಡೂ. ಒತ್ತಡದ ಅಳತೆಯಾದ ಒಂದು ಹೆಕ್ಟೊಪ್ಯಾಸ್ಕಲ್ ಎಂದರೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ನೀರು. ಗಾಳಿಯ ಒತ್ತಡವನ್ನು ಕಳೆಯದ ಲಾಗರಿನಲ್ಲಿ ಅದು ಮೂರು, ನಾಲ್ಕು ಸೆಂಟಿಮೀಟರಿನ ಏರಿಳಿತವಾಗಿ ಕಾಣುತ್ತದೆ. ಮಳೆಗಾಲ, ಬೇಸಿಗೆ, ಬಿರುಗಾಳಿಗಳ ವ್ಯತ್ಯಾಸವೂ ಇದಕ್ಕೆ ಸೇರುತ್ತದೆ. ಇದರ ಜೊತೆ ಇನ್ನೊಂದನ್ನು ವಿಚಾರಿಸಿ: ಲಾಗರ್ ಹೊಂದಿಸುವಾಗ ಗಾಳಿಯ ಒತ್ತಡವೆಂದು ಯಾವ ಅಂಕಿ ಹಾಕಿದ್ದಾರೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಒತ್ತಡ ಸಮುದ್ರಮಟ್ಟದ್ದಕ್ಕಿಂತ ನೂರರಷ್ಟು ಹೆಕ್ಟೊಪ್ಯಾಸ್ಕಲ್ ಕಡಿಮೆ. ಸಮುದ್ರಮಟ್ಟದ ಅಂಕಿಯನ್ನೇ ಹಾಕಿಬಿಟ್ಟಿದ್ದರೆ ನೀರಿನ ಮಟ್ಟದಲ್ಲಿ ಒಂದು ಮೀಟರ್ ತಪ್ಪು ಮೊದಲ ದಿನದಿಂದಲೇ ಕುಳಿತಿರುತ್ತದೆ. ಕೈಯಿಂದ ಒಮ್ಮೆ ಅಳೆದು ಹೋಲಿಸಿದರೆ ಇದು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಈಗ ಮುಖ್ಯ ಪರೀಕ್ಷೆಗೆ ಬರುತ್ತೇನೆ. ಇದಕ್ಕೆ ಬೇಕಾದದ್ದು ಎರಡು ಲೀಟರ್ ನಲ್ಲಿ ನೀರು, ಒಂದು ಆಲಿಕೆ, ಒಂದು ಡಿಪ್ ಮೀಟರ್ (ತುದಿ ನೀರು ತಾಕಿದೊಡನೆ ಸದ್ದು ಮಾಡುವ ಅಳತೆಯ ಟೇಪು) ಮತ್ತು ಗಡಿಯಾರ. ಡಿಪ್ ಮೀಟರ್ ಇಲ್ಲದಿದ್ದರೆ ಟೇಪಿನ ತುದಿಗೆ ತಳದಲ್ಲಿ ಟೊಳ್ಳಿರುವ ಸಣ್ಣ ಕಬ್ಬಿಣದ ಗುಂಡು ಕಟ್ಟಿ ಇಳಿಸಿ. ನೀರು ತಾಕಿದಾಗ ‘ಗುಳುಕ್’ ಎಂಬ ಶಬ್ದ ಸ್ಪಷ್ಟವಾಗಿ ಕೇಳುತ್ತದೆ. ಎರಡು ಇಂಚಿನ ಪೈಪಿನ ಒಳವ್ಯಾಸ 50 ಮಿಲಿಮೀಟರ್ ಎಂದುಕೊಂಡರೆ ಅದರ ಒಂದು ಮೀಟರ್ ಉದ್ದದಲ್ಲಿ ಹಿಡಿಯುವುದು ಸುಮಾರು ಎರಡು ಲೀಟರ್. ಅಂದರೆ ಎರಡು ಲೀಟರ್ ಸುರಿದರೆ ನೀರು ಒಂದು ಮೀಟರ್ ಏರುತ್ತದೆ. ಲಾಗರನ್ನು ಮೊದಲು ಹೊರತೆಗೆಯಿರಿ. ನಿಂತ ಮಟ್ಟ ಅಳೆದು ಬರೆದುಕೊಳ್ಳಿ. ನೀರನ್ನು ಒಂದೇ ಬೀಸಿಗೆ ಸುರಿದು ಆ ಗಳಿಗೆಯನ್ನು ಗುರುತಿಸಿ. ಮೊದಲು ಅರ್ಧ ನಿಮಿಷಕ್ಕೆ, ಆಮೇಲೆ ಒಂದು, ಎರಡು, ಐದು, ಹತ್ತು, ಇಪ್ಪತ್ತು ನಿಮಿಷಗಳಿಗೆ, ಗಂಟೆಗೆ, ಕೊನೆಗೆ ಮರುದಿನ ಅದೇ ಹೊತ್ತಿಗೆ ಅಳೆಯಿರಿ. ಇದನ್ನು ಮೊದಲನೆಯ ಬಾವಿಯಲ್ಲಿ ಮೊದಲು ಮಾಡಿ. ಕೈ ಪಳಗುತ್ತದೆ, ಹೋಲಿಕೆಗೆ ಒಂದು ಅಳತೆಗೋಲೂ ಸಿಗುತ್ತದೆ.

ಸುರಿದು ನೋಡಿದರಷ್ಟೇ ಸಾಲದು. ಎರಡು ದಿನ ಬಿಟ್ಟು, ಬೈಲರ್ ಎಂಬ, ಹಗ್ಗಕ್ಕೆ ಕಟ್ಟಿ ಇಳಿಸುವ ಉದ್ದನೆಯ ಕೊಳವೆಯಿಂದ ಎರಡು ಲೀಟರ್ ನೀರು ಹೊರಗೆ ತೆಗೆದು ಅದು ಮತ್ತೆ ತುಂಬಿಕೊಳ್ಳುವುದನ್ನೂ ಅಳೆಯಿರಿ. ಹೆಚ್ಚಿನವರು ಸುರಿಯುವ ಪರೀಕ್ಷೆ ಮಾಡಿ ಕೈತೊಳೆದುಕೊಳ್ಳುತ್ತಾರೆ, ಅಲ್ಲಿಯೇ ಮೋಸಹೋಗುತ್ತಾರೆ. ನಿಮ್ಮ ಬಾವಿಯ ಮಟ್ಟಿಗೆ ಮೂರು ಸಾಧ್ಯತೆಗಳಿವೆ, ಮೂರರ ಅರ್ಥವೂ ಬೇರೆಬೇರೆ.

ಸುರಿದ ನೀರು ಇಳಿಯುವುದಿಲ್ಲ, ತೆಗೆದ ನೀರು ತುಂಬುವುದೂ ಇಲ್ಲ ಎಂದಾದರೆ ಪೈಪ್ ಕಟ್ಟಿಕೊಂಡಿದೆ. ಅನುಮಾನವೇ ಬೇಡ.

ಸುರಿದ ನೀರು ಬೇಗ ಇಳಿದು 11.3ಕ್ಕೆ ಬಂದು ನಿಲ್ಲುತ್ತದೆ, ಆದರೆ ತೆಗೆದ ನೀರು ಮರಳಿ ಬರುವುದಿಲ್ಲ ಎಂದಾದರೆ ಅದು ಸತ್ತ ನೀರು. ಕೊರೆಯುವವರು ಕೆಲವೊಮ್ಮೆ ಮೇಲಿನ ಒಂದೆರಡು ಪೈಪಿಗೆ ಮಾತ್ರ ಸೀಳು ಕೊಯ್ದು ಕೆಳಗಿನದನ್ನು ಹಾಗೇ ಬಿಡುತ್ತಾರೆ. ನೆಲದ ನೀರು ಕೊನೆಯ ಸೀಳಿಗಿಂತ ಕೆಳಗೆ ಇಳಿದುಹೋದರೂ ಸೀಳಿಲ್ಲದ ಭಾಗದಲ್ಲಿ ನೀರು ಲೋಟದಲ್ಲಿ ನಿಂತ ಹಾಗೆ ನಿಂತಿರುತ್ತದೆ. ಲಾಗರ್ ಓದುವುದು ಲೋಟದ ಅಂಚನ್ನು. ನಿಜವಾದ ಮಟ್ಟ ಅದಕ್ಕಿಂತ ಎಷ್ಟು ಕೆಳಗಿದೆಯೋ ಆ ಬಾವಿ ಹೇಳಲಾರದು. 2019ರಲ್ಲಿ ಕೊರೆದವರು ಕೊಟ್ಟ ಚೀಟಿಯಲ್ಲಿ ಸೀಳುಗಳು ಎಷ್ಟು ಆಳದಿಂದ ಎಷ್ಟು ಆಳದವರೆಗೆ ಎಂದು ಬರೆದಿದ್ದರೆ ಹುಡುಕಿ. ಕೊನೆಯ ಸೀಳು 11.3 ಮೀಟರಿನ ಹತ್ತಿರವೇ ಇದ್ದರೆ ಉತ್ತರ ಅಲ್ಲೇ ಸಿಕ್ಕಿತು. ಸಮಿತಿಯವರು ಸ್ಥಿರ ಎಂದು ಸಂತೋಷಪಡುತ್ತಿರುವ ಜಾಗದಲ್ಲಿ ನೀರು ಎಲ್ಲಕ್ಕಿಂತ ಹೆಚ್ಚು ಕುಸಿದಿರುವ ಸಾಧ್ಯತೆ ಇದರಲ್ಲಿದೆ. ನನಗೆ ಆತಂಕವಿರುವುದು ಈ ಎರಡನೆಯ ಸಾಧ್ಯತೆಯ ಬಗ್ಗೆಯೇ.

ಎರಡೂ ಕಡೆ ಚುರುಕಾಗಿ ಸ್ಪಂದಿಸಿದರೆ, ಮಟ್ಟ ನಿಜವಾಗಿಯೂ ಸ್ಥಿರವಾಗಿದೆ. ಆದರೆ ಆಗ ಅದನ್ನು ಹಿಡಿದು ನಿಲ್ಲಿಸಿರುವುದು ಏನೆಂದು ಹುಡುಕಬೇಕು. ಬಾವಿಯ ಪಕ್ಕ ಕೆರೆಯ ಹಿನ್ನೀರು, ಒಳಚರಂಡಿಯ ಪೈಪ್, ಸೋರುವ ಸಂಪು, ಕೊಳಚೆ ನೀರು ಶುದ್ಧೀಕರಣದ ತೊಟ್ಟಿ ಯಾವುದಾದರೂ ಇದೆಯೇ? ಬೆಂಗಳೂರಿನ ಮೇಲ್ಪದರದ ನೀರಿಗೆ ಮಳೆಯ ಜೊತೆ ಸೋರಿಕೆಯ ಪಾಲೂ ಸೇರುತ್ತಿದೆ. ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೈಟ್ರೇಟ್, ಕ್ಲೋರೈಡ್, ವಿದ್ಯುತ್ ವಾಹಕತೆ ಮೂರನ್ನೂ ನೋಡಿಸಿ, ಮೊದಲನೆಯ ಬಾವಿಯದರ ಜೊತೆ ಹೋಲಿಸಿ. ಎರಡನೆಯದರಲ್ಲಿ ಮೂರೂ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಚರಂಡಿಯ ಕಡೆ ನೋಡಿ. ಅಲ್ಲಿ ಕೊರೆಸಿದ ಕೊಳವೆಬಾವಿಯಿಂದ ನೀವು ಕುಡಿಯುವುದು ಏನನ್ನು ಎಂಬ ಪ್ರಶ್ನೆ ಬೇರೆಯೇ ಹುಟ್ಟುತ್ತದೆ.

ಬಾವಿ ಎಷ್ಟು ಬೇಗ ಸ್ಪಂದಿಸಿದರೆ ಸಾಕು? ಇದಕ್ಕೆ 1951ರಲ್ಲೇ ಅಮೆರಿಕದ ಸೇನಾ ಎಂಜಿನಿಯರುಗಳ ಸಂಶೋಧನಾ ಕೇಂದ್ರದಲ್ಲಿದ್ದ ಹ್ವೊರ್ಸ್‌ಲೆವ್ ಎಂಬ ಎಂಜಿನಿಯರ್ ಸರಳ ಅಳತೆಯೊಂದನ್ನು ಕೊಟ್ಟರು. ಸುರಿದು ಏರಿಸಿದ ಮಟ್ಟ ಶೇಕಡ 37ಕ್ಕೆ ಇಳಿಯಲು ಹಿಡಿಯುವ ಹೊತ್ತೇ ಆ ಬಾವಿಯ ತಡ. ಒಂದು ಮೀಟರ್ ಏರಿಸಿದ್ದೀರಿ, 37 ಸೆಂಟಿಮೀಟರಿಗೆ ಇಳಿಯಲು ಆರು ನಿಮಿಷ ಆಯಿತು ಎಂದರೆ ತಡ ಆರು ನಿಮಿಷ. ಅದರ ಮೂರರಷ್ಟು ಹೊತ್ತಿನಲ್ಲಿ, ಅಂದರೆ ಹದಿನೆಂಟು ನಿಮಿಷದಲ್ಲಿ, ಶೇಕಡ 95ರಷ್ಟು ಸರಿಹೊಂದಿರುತ್ತದೆ.

ತಡ ಇದ್ದ ಮಾತ್ರಕ್ಕೆ ಬಾವಿ ಕೆಟ್ಟಿದೆ ಎಂದು ತೀರ್ಮಾನಿಸಬೇಕಾಗಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ನಾಲ್ಕು ದಿನ ತಡವಿರುವ ಬಾವಿಯನ್ನು ಕಂಡು ಇದು ಹೋಯಿತು ಎಂದು ಮುಚ್ಚಿಸಿದವರನ್ನು ನೋಡಿದ್ದೇನೆ. ಬೇಸಿಗೆಗೂ ಮಳೆಗಾಲಕ್ಕೂ ಇರುವ ವ್ಯತ್ಯಾಸ ತಿಳಿಯಲು ನಾಲ್ಕು ದಿನದ ತಡ ಏನೇನೂ ಅಲ್ಲ. ಆದರೆ ಪಂಪ್ ಹಾಕಿದಾಗ ಮಟ್ಟ ಎಷ್ಟು ಕುಸಿಯಿತು, ನಿನ್ನೆಯ ಮಳೆ ಎಷ್ಟು ಇಂಗಿತು ಎಂಬುದಕ್ಕೆ ಅದೇ ಬಾವಿ ನಿಷ್ಪ್ರಯೋಜಕ. ತಡ ನೂರು ದಿನಕ್ಕೆ ಬಂದಾಗ ಋತುಮಾನದ ಲೆಕ್ಕವೂ ಹಾಳಾಗುತ್ತದೆ. ವರ್ಷದ ಏರಿಳಿತ ಅರ್ಧಕ್ಕರ್ಧ ಕುಗ್ಗಿ ಕಾಣುತ್ತದೆ, ತುಂಬಿದ ಮಟ್ಟ ಎರಡು ತಿಂಗಳು ತಡವಾಗಿ ತೋರುತ್ತದೆ. ಅಕ್ಟೋಬರಿನ ನೀರನ್ನು ಅದು ಡಿಸೆಂಬರಿನಲ್ಲಿ ವರದಿ ಮಾಡುತ್ತದೆ. ನಿಮ್ಮ ಎರಡನೆಯ ಬಾವಿಯ ಹೊರಗೂ ನೀರು ಮೊದಲನೆಯದರಂತೆ ಐದು ಮೀಟರ್ ಏರಿಳಿಯುತ್ತಿದೆ ಎಂದಿಟ್ಟುಕೊಳ್ಳಿ, ಆ 20 ಸೆಂಟಿಮೀಟರ್ ಪೂರ್ತಿ ಅದರದೇ ನೆರಳು ಎಂದೂ ಒಪ್ಪಿಕೊಳ್ಳಿ. ಹಿಂದಿನಿಂದ ಲೆಕ್ಕ ಹಾಕಿದರೆ ತಡ ಸುಮಾರು ನಾಲ್ಕು ವರ್ಷ ಬರುತ್ತದೆ. ಅಂಥ ಬಾವಿಗೆ ಎರಡು ಲೀಟರ್ ಸುರಿದರೆ ಒಂದು ದಿನದಲ್ಲಿ ಮಟ್ಟ ಒಂದು ಮಿಲಿಮೀಟರ್ ಕೂಡ ಇಳಿಯುವುದಿಲ್ಲ.

ಪೈಪ್ ದಪ್ಪಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಇಲ್ಲಿ ತಿರುಗುಮುರುಗು. ತಡ ಪೈಪಿನ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆರೂವರೆ ಇಂಚಿನ ಕೊಳವೆಬಾವಿಯ ಮಟ್ಟವನ್ನು ಒಂದು ಮೀಟರ್ ಏರಿಸಲು 21 ಲೀಟರ್ ಬೇಕು, ಮನೆಗೆ ತರಿಸುವ ನೀರಿನ ಕ್ಯಾನ್ ಒಂದು ಪೂರ್ತಿ ಸುರಿದರೂ ಸ್ವಲ್ಪ ಕಡಿಮೆಯೇ. ಅಷ್ಟು ನೀರು ಅದೇ ಸೀಳುಗಳ ಮೂಲಕ ನುಸುಳಿ ಬರಲು ಎರಡು ಇಂಚಿನ ಪೈಪಿಗಿಂತ ಹನ್ನೊಂದು ಪಟ್ಟು ಹೊತ್ತು ಹಿಡಿಯುತ್ತದೆ.

ಇನ್ನು ಬಾವಿ ಏಕೆ ಕಟ್ಟಿಕೊಳ್ಳುತ್ತದೆ ಎಂಬುದು. ಬೆಂಗಳೂರು ನಿಂತಿರುವುದು ನೈಸ್ ಮತ್ತು ಗ್ರಾನೈಟ್ ಬಂಡೆಯ ಮೇಲೆ. ಆ ಬಂಡೆಯ ಮೇಲುಭಾಗ ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಕೊಳೆತು ಕೆಂಪು ಮಣ್ಣು, ಬಿಳಿ ಜೇಡಿ, ಹೊಳೆಯುವ ಅಭ್ರಕದ ಚೂರುಗಳಾಗಿದೆ. ನಿಮ್ಮ 30 ಮೀಟರಿನ ಬಾವಿಗಳು ನಿಂತಿರುವುದು ಬಹುಪಾಲು ಈ ಪದರದಲ್ಲಿ. ರಿಗ್ ಇಲ್ಲಿ ಗಾಳಿಯೊತ್ತಡದಿಂದ ಕೊರೆಯುವಾಗ ಕಲ್ಲಿನ ಹುಡಿ ಮತ್ತು ಜೇಡಿ ಒದ್ದೆಯಾಗಿ ರಂಧ್ರದ ಗೋಡೆಗೆ ಗಾರೆಯಂತೆ ಮೆತ್ತಿಕೊಳ್ಳುತ್ತದೆ. ಬಳಕೆಯ ಕೊಳವೆಬಾವಿಯಾದರೆ ಮೋಟಾರ್ ದಿನವೂ ನೀರೆಳೆದು ಆ ಗಾರೆಯನ್ನು ಸ್ವಲ್ಪಸ್ವಲ್ಪವಾಗಿ ಕಿತ್ತು ತೆಗೆಯುತ್ತದೆ, ಸೆಲೆಯ ಕಣ್ಣು ತೆರೆದುಕೊಳ್ಳುತ್ತದೆ. ವೀಕ್ಷಣಾ ಬಾವಿಯಿಂದ ಯಾರೂ ನೀರೆತ್ತುವುದಿಲ್ಲ. ಕೊರೆದ ದಿನ ಮೆತ್ತಿಕೊಂಡದ್ದು ಹಾಗೆಯೇ ಉಳಿಯುತ್ತದೆ. ಕೊರೆದ ಮೇಲೆ ನೀರು ತಿಳಿಯಾಗುವವರೆಗೆ ತೊಳೆಯಲೇಬೇಕು. ಆ ಅರ್ಧ ದಿನದ ಕೆಲಸವನ್ನು ಉಳಿಸಲು ಹೋಗಿ ಎಷ್ಟು ಬಾವಿಗಳು ಹುಟ್ಟುವಾಗಲೇ ಕಿವುಡಾದವೋ!

ಪೈಪಿನ ಕೆಲಸದಲ್ಲೂ ಇದೇ ಆತುರ. ಸೀಳುಗಳನ್ನು ಸ್ಥಳದಲ್ಲೇ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುತ್ತಾರೆ, ಅಡಿಗೊಂದು ಎರಡು. ಮಣ್ಣು ಬಾರದಿರಲೆಂದು ಮೇಲೆ ಸೊಳ್ಳೆಪರದೆಯ ಬಲೆ ಸುತ್ತಿ ತಂತಿ ಬಿಗಿಯುತ್ತಾರೆ. ಜೇಡಿಗೆ ಆ ಬಲೆ ಸೋಸುವ ಬಟ್ಟೆ ಇದ್ದ ಹಾಗೆ, ಕೆಲವು ತಿಂಗಳಲ್ಲಿ ತುಂಬಿ ಗಟ್ಟಿಯಾಗುತ್ತದೆ. ಪೈಪಿನ ಸುತ್ತ ಎರಡರಿಂದ ನಾಲ್ಕು ಮಿಲಿಮೀಟರಿನ ಗುಂಡನೆಯ ಬೆಣಚುಕಲ್ಲಿನ ಕಾಳು ತುಂಬಬೇಕಾದ ಕಡೆ ಮನೆ ಕಟ್ಟಲು ತಂದ ಇಪ್ಪತ್ತು ಎಂಎಂ ಜಲ್ಲಿ ಸುರಿಯುತ್ತಾರೆ. ಜಲ್ಲಿಯ ಸಂದುಗಳಲ್ಲಿ ಜೇಡಿ ಸರಾಗವಾಗಿ ನುಗ್ಗುತ್ತದೆ. ಮೇಲ್ಗಡೆ ನೀರು ಹೀರಿ ಉಬ್ಬುವ ಬೆಂಟೊನೈಟ್ ಜೇಡಿಯ ಬಿರಡೆ, ಅದರ ಮೇಲೆ ಸಿಮೆಂಟ್ ಕಟ್ಟೆ ಹಾಕದಿದ್ದರೆ ರಸ್ತೆಯ ಮಳೆನೀರು ಪೈಪಿನ ಹೊರಮೈ ಹಿಡಿದು ನೇರ ಇಳಿಯುತ್ತದೆ. ಅಂಥ ಬಾವಿ ಪ್ರತಿ ಮಳೆಗೂ ಒಂದೆರಡು ಮೀಟರ್ ಹಾರಿ ಬಹಳ ಆರೋಗ್ಯವಾಗಿರುವಂತೆ ಕಾಣುತ್ತದೆ. ನಿಮ್ಮ ಮೊದಲನೆಯ ಬಾವಿಯನ್ನೂ ಈ ಕಣ್ಣಿನಿಂದ ಒಮ್ಮೆ ನೋಡಿ: ಮಳೆ ಶುರುವಾದ ಒಂದು ಗಂಟೆಯೊಳಗೇ ಮಟ್ಟ ಏರುತ್ತಿದ್ದರೆ ಅದು ಇಂಗಿದ ನೀರಾಗಿರುವುದು ಕಷ್ಟ.

ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಇನ್ನೊಂದು ಬಗೆಯ ತೊಂದರೆ. ಆಳದ ಆಮ್ಲಜನಕವಿಲ್ಲದ ನೀರಿನಲ್ಲಿ ಕರಗಿದ್ದ ಕಬ್ಬಿಣ ಬಾವಿಯೊಳಗೆ ಗಾಳಿ ತಾಕಿದೊಡನೆ ತುಕ್ಕಾಗಿ ಬೇರ್ಪಡುತ್ತದೆ. ಅದನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳು ಸೀಳುಗಳ ಮೇಲೆ ಲೋಳೆ ಕಟ್ಟುತ್ತವೆ. ಇದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ವೃತ್ತಿಯ ಮೊದಲ ವರ್ಷಗಳಲ್ಲಿ ನಗರದ ಪೂರ್ವಕ್ಕಿದ್ದ ಒಂದು ಕಾರ್ಖಾನೆಯ ಆವರಣದ ಅಂತರ್ಜಲದ ಬಗ್ಗೆ ವರದಿ ಬರೆದೆ. ಮೂರು ಬೇಸಿಗೆಯಲ್ಲೂ ಮಟ್ಟ ಬದಲಾಗಿಲ್ಲ, ಈಗಿನಷ್ಟೇ ನೀರೆತ್ತಿದರೆ ತೊಂದರೆಯಿಲ್ಲ ಎಂದು ಸಹಿ ಹಾಕಿ ಕೊಟ್ಟೆ. ನಾಲ್ಕನೆಯ ವರ್ಷ ಬ್ಯಾಟರಿ ಬದಲಿಸಲು ಲಾಗರ್ ಮೇಲೆಳೆದಾಗ ಕೊನೆಯ ಎಂಟು ಹತ್ತು ಮೀಟರ್ ತಂತಿ ರಾಗಿ ಅಂಬಲಿಯಲ್ಲಿ ಅದ್ದಿ ತೆಗೆದಂತೆ ಬಂತು, ಬಣ್ಣ ಮಾತ್ರ ಇಟ್ಟಿಗೆ ಹುಡಿಯದು. ಬೆರಳಿನಿಂದ ಒರೆಸಿದರೆ ಜಾರುತ್ತಿತ್ತು, ಕೊಳೆತ ಸೌತೆಕಾಯಿಯ ವಾಸನೆ. ಅದೇ ಬೇಸಿಗೆಯಲ್ಲಿ ಆವರಣದ ಪಕ್ಕದ ಹಳ್ಳಿಯ ಎರಡು ತೋಟದ ಬಾವಿಗಳು ಬತ್ತಿದ್ದವು. ಆ ಹಳ್ಳಿಯವರಿಗೆ ನಾನು ಕೊಡಬಹುದಾಗಿದ್ದ ಮೂರು ವರ್ಷದ ಮುನ್ನೆಚ್ಚರಿಕೆ ಆ ಲೋಳೆಯಲ್ಲಿ ಹೂತುಹೋಗಿತ್ತು. ಅಂದಿನಿಂದ ಸ್ಪಂದನೆಯ ಪರೀಕ್ಷೆ ಮಾಡದ ಬಾವಿಯ ಅಂಕಿಯನ್ನು ನಾನು ಯಾವ ವರದಿಯಲ್ಲೂ ಸೇರಿಸಿಲ್ಲ.

ತೊಳೆಯುವ ಮೊದಲು ತಳ ಮುಟ್ಟಿಸಿ ನೋಡಿ. ಟೇಪಿನ ತುದಿಗೆ ಭಾರ ಕಟ್ಟಿ ಕೊನೆಯವರೆಗೆ ಇಳಿಸಿದಾಗ 30 ಮೀಟರಿನಲ್ಲಿ ‘ಠಕ್’ ಎಂದು ನಿಂತರೆ ಹೂಳಿಲ್ಲ. 24 ಮೀಟರಿನಲ್ಲಿ ಮೆತ್ತಗೆ ಕುಳಿತು, ಎತ್ತುವಾಗ ಹಿಡಿದೆಳೆದಂತಾದರೆ ಆರು ಮೀಟರ್ ಹೂಳು ತುಂಬಿದೆ. ಮೊದಲು ಆ ಹೂಳನ್ನು ಬೈಲರಿನಿಂದ ಎತ್ತಬೇಕು. ಆಮೇಲೆ ಎರಡು ಇಂಚಿನ ಬಾವಿಗೆ ನಾನು ಕಂಡ ಅತ್ಯುತ್ತಮ ಸಾಧನ ಅರ್ಧ ಇಂಚಿನ ಎಚ್‌ಡಿಪಿಇ ಪೈಪ್. ಅದರ ತುದಿಗೆ ನೀರನ್ನು ಮೇಲಕ್ಕೆ ಮಾತ್ರ ಬಿಡುವ ಸಣ್ಣ ಫುಟ್‌ವಾಲ್ವ್ ಹಾಕಿ ಇಳಿಸಿ, ಮೇಲ್ತುದಿಯನ್ನು ಕೈಯಲ್ಲಿ ಹಿಡಿದು ಒಂದಡಿಯಷ್ಟು ಮೇಲೆ ಕೆಳಗೆ ಜಗ್ಗುತ್ತಿದ್ದರೆ ನೀರು ತಾನಾಗಿ ಪೈಪಿನಲ್ಲಿ ಏರಿ ಹೊರಬೀಳುತ್ತದೆ. ಜಗ್ಗುವ ಕ್ರಿಯೆ ಸೀಳುಗಳ ಮೂಲಕ ನೀರನ್ನು ಒಳಗೆ ಹೊರಗೆ ಆಡಿಸಿ ಜೇಡಿಯನ್ನು ಸಡಿಲಿಸುತ್ತದೆ, ಸಡಿಲವಾದದ್ದು ನೀರಿನ ಜೊತೆ ಮೇಲೆ ಬರುತ್ತದೆ. ಸೀಳುಗಳಿರುವ ಭಾಗದ ಮೇಲ್ತುದಿಯಿಂದ ಶುರುಮಾಡಿ ಕೆಳಗೆ ಹೋಗಿ, ಮೊದಲು ನಿಧಾನವಾಗಿ. ಪೂರ್ತಿ ಕಟ್ಟಿಕೊಂಡ ಪೈಪಿನಲ್ಲಿ ಜೋರಾಗಿ ಎಳೆದರೆ ಪೈಪೇ ಒಳಕ್ಕೆ ಕುಸಿಯಬಹುದು. ಬಕೆಟ್ಟಿಗೆ ಬೀಳುವ ನೀರು ಕೆಂಪಗಿಂದ ಹಾಲುಬಿಳುಪಿಗೆ, ಅಲ್ಲಿಂದ ತಿಳಿಗೆ ತಿರುಗುವವರೆಗೆ ಬಿಡಬೇಡಿ. ಇದಕ್ಕೆ ಇಬ್ಬರು ಆಳುಗಳ ಒಂದು ದಿನ ಬೇಕಾಗಬಹುದು.

ಫ್ಲಶಿಂಗ್ ಮಾಡಿಕೊಡುತ್ತೇವೆ ಎಂದು ಕೊಳವೆಬಾವಿಯ ಲಾರಿಯವರು ಬಂದರೆ ಎರಡು ಇಂಚಿನ ಪೈಪಿಗೆ ಬೇಡ ಎನ್ನಿ. ನಿಮ್ಮ ಬಾವಿಯ 19 ಮೀಟರ್ ನೀರನ್ನು ತಳದಿಂದ ಎಬ್ಬಿಸಲು ಎರಡು ಬಾರ್ ಒತ್ತಡ ಸಾಕು. ಬಂಡೆ ಕೊರೆಯುವ ಕಂಪ್ರೆಸರ್ ಅದರ ಹತ್ತು ಪಟ್ಟು ಒತ್ತಡದಲ್ಲಿ ಗಾಳಿ ನುಗ್ಗಿಸಿ ಪೈಪನ್ನು ಸೀಳಿಹಾಕುತ್ತದೆ.

ಕಬ್ಬಿಣದ ಲೋಳೆ ಕಂಡರೆ ಜಗ್ಗಿ ತೊಳೆದ ಮೇಲೆ ಕ್ಲೋರಿನ್ ಹಾಕಬೇಕು. ನಿಮ್ಮ ಪೈಪಿನಲ್ಲಿರುವುದು ಬರೀ 38 ಲೀಟರ್ ನೀರು. ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಶೇಕಡ 25ರ ಬ್ಲೀಚಿಂಗ್ ಪೌಡರ್ 15 ಗ್ರಾಂ ಸಾಕಾಗುತ್ತದೆ. ಅದನ್ನು ನೇರವಾಗಿ ಸುರಿಯಬೇಡಿ. ಒಂದು ಮಗ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಿ. ಇಲ್ಲವಾದರೆ ಸುಣ್ಣವೇ ಹೊಸ ಹೂಳಾಗುತ್ತದೆ. ಒಂದು ದಿನ ಬಿಟ್ಟು ಮತ್ತೆ ಜಗ್ಗಿ, ಕ್ಲೋರಿನ್ ವಾಸನೆ ಹೋಗುವವರೆಗೆ ನೀರು ತೆಗೆಯಿರಿ. ಆಸಿಡ್ ಹಾಕಿದರೆ ಬೇಗ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬ್ಲೀಚಿಂಗ್ ಪೌಡರ್ ಇರುವ ಬಾವಿಗೆ ಆಸಿಡ್ ಬಿದ್ದರೆ ಹೊರಬರುವುದು ಕ್ಲೋರಿನ್ ಅನಿಲ, ಬಾವಿಯ ಬಾಯಿಯ ಮೇಲೆ ಬಗ್ಗಿ ನಿಂತವರ ಪ್ರಾಣಕ್ಕೇ ಅಪಾಯ.

ತೊಳೆದ ಒಂದು ವಾರಕ್ಕೆ ಎರಡು ಲೀಟರಿನ ಪರೀಕ್ಷೆಯನ್ನು ಮತ್ತೆ ಮಾಡಿ. ಎರಡು ಸಲ ತೊಳೆದರೂ ತಡ ಕಡಿಮೆಯಾಗದಿದ್ದರೆ ಆ ಬಾವಿಯನ್ನು ಬಿಟ್ಟುಬಿಡಿ. ಕೆಲವು ಮೀಟರ್ ದೂರದಲ್ಲಿ ಸರಿಯಾಗಿ ಕಟ್ಟಿದ ಹೊಸ ವೀಕ್ಷಣಾ ಬಾವಿ ಮಾಡಿಸಿ, ಹಳೆಯದನ್ನು ತಳದಿಂದ ಸಿಮೆಂಟ್ ಗಾರೆ ತುಂಬಿ ಮುಚ್ಚಿ. ಬಾಯಿ ತೆರೆದು ಬಿಟ್ಟ ಪೈಪ್ ಮೇಲಿನ ಕೊಳೆಯನ್ನು ನೇರ ಅಂತರ್ಜಲಕ್ಕೆ ಇಳಿಸುವ ಆಲಿಕೆಯಾಗುತ್ತದೆ.

ಮೂರನೆಯ ಬಾವಿ ಕಟ್ಟಿಕೊಂಡಿಲ್ಲ, ಅದರ ಕಥೆ ಬೇರೆ. ಕೊಳವೆಬಾವಿಗೆ ಕೇಸಿಂಗ್ ಪೈಪ್ ಇರುವುದು ಕೊಳೆತ ಪದರದವರೆಗೆ ಮಾತ್ರ. ಅದರ ಕೆಳಗೆ ಬರಿಯ ಬಂಡೆಯ ರಂಧ್ರ. ಆ ರಂಧ್ರ 40 ಮೀಟರಿನ ಬಿರುಕು, 90ರದು, 160ರದು ಎಲ್ಲವನ್ನೂ ಒಂದಕ್ಕೊಂದು ಕೂಡಿಸಿಬಿಟ್ಟಿದೆ. ಮೇಲಿನ ಸೆಲೆಯ ನೀರು ರಂಧ್ರದೊಳಗೇ ಸುರಿದು ಕೆಳಗಿನ ಬಿರುಕಿಗೆ ಹೋಗುತ್ತಿರಬಹುದು. ಬಿಸಿಲಿರುವಾಗ ಕನ್ನಡಿಯೊಂದನ್ನು ಹಿಡಿದು ಬೆಳಕನ್ನು ಒಳಗೆ ಬಿಡಿ, ಗೋಡೆಯಿಂದ ಜಿನುಗುವ ನೀರು ಮಿನುಗುವುದು ಕಾಣಬಹುದು. ರಾತ್ರಿ ಪಂಪುಗಳು ನಿಂತಾಗ ಪೈಪಿಗೆ ಕಿವಿಯಿಟ್ಟರೆ ಬೀಳುವ ಸದ್ದು ಕೇಳುತ್ತದೆ. ಹಾಗಿದ್ದರೆ ಅದರ ಮಟ್ಟ ಯಾವ ಸೆಲೆಯದೂ ಅಲ್ಲ, ಎಲ್ಲವುಗಳ ಕಲಬೆರಕೆ. ದಿನದೊಳಗಿನ ಜಿಗಿತ ಬಹುಶಃ ನಿಮ್ಮದೇ ಪಂಪುಗಳದ್ದು ಅಥವಾ ನೆರೆಯವರದ್ದು. ಪಂಪ್ ಹಾಕಿದ, ನಿಲ್ಲಿಸಿದ ಹೊತ್ತುಗಳನ್ನು ಒಂದು ವಾರ ಬರೆದಿಟ್ಟು ಜೋಡಿಸಿ ನೋಡಿ. ಆಳದ ನೀರಿನ ಮೇಲೆ ನೀವು ಎಷ್ಟು ಭಾರ ಹೇರುತ್ತಿದ್ದೀರಿ ಎಂಬುದಕ್ಕೆ ಈ ಒರಟು ಬಾವಿಯೇ ನಿಮಗಿರುವ ಏಕೈಕ ಸಾಕ್ಷಿ. ಹೊಸದಾಗಿ ಕೊರೆಸಬೇಕೆಂದಿರುವ ಕೊಳವೆಬಾವಿ ನೀರೆತ್ತುವುದೂ ಈ ಆಳದ ಬಿರುಕುಗಳಿಂದಲೇ, ಎರಡನೆಯ ಬಾವಿ ನೋಡುತ್ತಿದ್ದ ಮೇಲ್ಪದರದಿಂದಲ್ಲ. ಅಂದರೆ ಅದು ಕಟ್ಟಿಕೊಳ್ಳದೆ ಸರಿಯಾಗಿದ್ದಿದ್ದರೂ ನಿಮ್ಮ ಸಮಿತಿಯ ಪ್ರಶ್ನೆಗೆ ಉತ್ತರ ಅದರಲ್ಲಿ ಇರುತ್ತಿರಲಿಲ್ಲ.

ಹಳೆಯ ಅಂಕಿಗಳನ್ನು ಅಳಿಸಬೇಡಿ. 2019ರಿಂದ ಎರಡೂ ಬಾವಿಗಳ ಗೆರೆಗಳನ್ನು ಒಂದರ ಮೇಲೊಂದು ಎಳೆಯಿರಿ. ಎರಡನೆಯದರ ಏರಿಳಿತ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದಿದ್ದರೆ ಹೂಳು ಅಥವಾ ಲೋಳೆ. ಒಂದು ದಿನ ಥಟ್ಟನೆ ನಿಂತಿದ್ದರೆ ಪೈಪಿನ ಕೀಲು ಬಿಟ್ಟಿರಬೇಕು, ಇಲ್ಲವೇ ಯಾರೋ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದಿರಬೇಕು. ಮುಚ್ಚಳದಲ್ಲಿ ಸಣ್ಣ ರಂಧ್ರ ಇರಲೇಬೇಕು, ಒಳಗೆ ಸಿಕ್ಕಿಬಿದ್ದ ಗಾಳಿ ನೀರನ್ನು ಏರಲೂ ಇಳಿಯಲೂ ಬಿಡುವುದಿಲ್ಲ. ರಸ್ತೆ ಎತ್ತರಿಸಿದಾಗ ಪೈಪನ್ನು ಎರಡಡಿ ಉದ್ದ ಮಾಡಿದ್ದರೆ ಅಂದಿನಿಂದ ಎಲ್ಲ ಅಂಕಿಗಳೂ ಎರಡಡಿ ಆಳವಾಗಿ ಕಾಣುತ್ತವೆ, ಅದನ್ನೂ ವಿಚಾರಿಸಿ. ಸಂಶಯದ ದಿನದಿಂದ ಮುಂದಿನ ಅಂಕಿಗಳ ಪಕ್ಕ ಹಾಗೆಂದು ಬರೆದಿಡಿ. ಸರ್ಕಾರಿ ಜಾಲಗಳಿಗೂ ಇದೇ ಕಷ್ಟ ಇದೆ. ಕೇಂದ್ರೀಯ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುವ ಬಾವಿಗಳಲ್ಲಿ ಮೊದಲಿನಿಂದ ತೆರೆದ ಬಾವಿಗಳೇ ಬಹಳ. ಬತ್ತಿದ ಬಾವಿಗೆ ಅಂಕಿ ಇರುವುದಿಲ್ಲ. ಅದನ್ನು ಬಿಟ್ಟು ಸರಾಸರಿ ತೆಗೆದರೆ, ನೀರು ಉಳಿದಿರುವ ಬಾವಿಗಳ ಸರಾಸರಿ ಮಾತ್ರ ಬಂದು ಊರು ಇದ್ದದ್ದಕ್ಕಿಂತ ಚೆನ್ನಾಗಿರುವಂತೆ ತೋರುತ್ತದೆ.

ಬೆಂಗಳೂರಿನಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಬೇಕು. ಅರ್ಜಿಗೆ ಎರಡನೆಯ ಬಾವಿಯ ಅಂಕಿಗಳನ್ನು ಲಗತ್ತಿಸಲು ಸಮಿತಿ ಯೋಚಿಸುತ್ತಿದ್ದರೆ ದಯವಿಟ್ಟು ತಡೆಯಿರಿ. 2024ರ ಬೇಸಿಗೆಯಲ್ಲಿ ಎಷ್ಟು ಬಡಾವಣೆಗಳು ಟ್ಯಾಂಕರಿಗಾಗಿ ಸಾಲು ನಿಂತವು ಎಂಬುದು ನಿಮ್ಮ ಸದಸ್ಯರಿಗೂ ನೆನಪಿರಬೇಕು.

ಪರೀಕ್ಷೆಯನ್ನು ಏಪ್ರಿಲ್ ಕೊನೆಯ ವಾರ, ಮೊದಲ ದೊಡ್ಡ ಮಳೆಗೆ ಮುನ್ನ ಮಾಡಿ. ಹಿಂದಿನ ರಾತ್ರಿ ಹತ್ತರಿಂದಲೇ ಎರಡೂ ಪಂಪುಗಳನ್ನು ನಿಲ್ಲಿಸಿರಿ. ಸುರಿದ, ತೆಗೆದ ಎರಡೂ ಪರೀಕ್ಷೆಯ ಅಂಕಿಗಳು, ತಳ ಮುಟ್ಟಿದ ಆಳ, ನೆಲದಿಂದ ಪೈಪಿನ ಬಾಯಿಯ ಎತ್ತರ, ಸಿಕ್ಕಿದರೆ ಸೀಳುಗಳ ಆಳದ ಚೀಟಿ, ಇಷ್ಟನ್ನು ಕಳುಹಿಸಿ. ತಡವನ್ನು ಲೆಕ್ಕ ಹಾಕಿ ಬರೆಯುತ್ತೇನೆ.